ಶ್ರೀಶೈಲದ ನಲ್ಲಮಲ ಅರಣ್ಯ: ಅಕ್ಕನ ಗವಿ, ಕದಳಿವನ ಮತ್ತು ಕಾಡಿನ ತೀರ್ಥಗಳಿಗೆ ಹೊರಡುವ ಸದ್ಭಕ್ತರ ತಿಳಿವಳಿಕೆಗೆ

ಶ್ರೀಶೈಲವೆಂದರೆ ನಮ್ಮ ಭಕ್ತರಿಗೆ ಮಲ್ಲಯ್ಯನ ಗುಡಿ, ಭ್ರಮರಾಂಬೆಯ ಸನ್ನಿಧಿ, ಪಾತಾಳಗಂಗೆಯ ಸ್ನಾನ. ಈ ಮೂರನ್ನೂ ತನ್ನ ಮಡಿಲಲ್ಲಿ ಇಟ್ಟುಕೊಂಡಿರುವ ಕಾಡಿನ ವಿಚಾರ ಯಾತ್ರೆಯ ಮಾತುಕತೆಯಲ್ಲಿ ಬರುವುದು ಕಡಿಮೆ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಅರಸಿ ಬಂದದ್ದು ಮಾತ್ರ ಈ ಕಾಡನ್ನೇ. ಅಲ್ಲಮಪ್ರಭುಗಳ ಕೊನೆಯ ನಿಲುಗಡೆಯೂ ಈ ಕಾಡಿನ ಕದಳಿಯೆಂದು ಶರಣ ಪರಂಪರೆ ನಂಬಿಕೊಂಡು ಬಂದಿದೆ. ಯುಗಾದಿ ಹತ್ತಿರವಾದಂತೆ ಶ್ರೀಮಠದ ಕಾರ್ಯಾಲಯಕ್ಕೆ ಬಂದು ದಾರಿ, ದೋಣಿ, ಗವಿ, ಅನುಮತಿಗಳ ಬಗ್ಗೆ ವಿಚಾರಿಸುವವರು ಅನೇಕರು. ಅವರೆಲ್ಲರ ಅನುಕೂಲಕ್ಕಾಗಿ ನಮಗೆ ತಿಳಿದ ಸಂಗತಿಗಳನ್ನು ಇಲ್ಲಿ ಒಂದೆಡೆ ಕೂಡಿಸಿದ್ದೇವೆ.

ಮೊದಲಿಗೆ ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. ಅಂಗೈಯಲ್ಲಿ ಇಷ್ಟಲಿಂಗವಿರುವಾಗ ಕ್ಷೇತ್ರ ತೀರ್ಥಗಳಿಗೆ ಅಲೆಯುವುದು ಏಕೆ ಎಂದು ಯುವಕರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ತೀರ್ಥಸ್ನಾನದಿಂದ ಪಾಪ ಕಳೆಯುವುದೆಂಬ ನಂಬಿಕೆಯನ್ನು ಶರಣರು ಒಪ್ಪಲಿಲ್ಲ. ಆದರೆ ಅದೇ ಶರಣರಲ್ಲಿ ಅಕ್ಕನೂ ಪ್ರಭುದೇವರೂ ಶ್ರೀಶೈಲದ ಕಡೆಗೆ ನಡೆದರು. ಪುಣ್ಯದ ಗಂಟು ಕಟ್ಟಿಕೊಳ್ಳುವುದಕ್ಕಾಗಿ ಅವರು ಹೋಗಲಿಲ್ಲ, ಏಕಾಂತಕ್ಕಾಗಿ ಹೋದರು. ಹಾಗೆಯೇ ಹೋಗುವವರಿಗೆ ಈ ಯಾತ್ರೆ ಇಷ್ಟಲಿಂಗ ನಿಷ್ಠೆಗೆ ವಿರುದ್ಧವಲ್ಲವೆಂದು ನಾವು ತಿಳಿದಿದ್ದೇವೆ.

ಕಾಡಿನ ಸ್ವರೂಪ

ನಲ್ಲಮಲ ಬೆಟ್ಟಸಾಲು ಪೂರ್ವಘಟ್ಟಗಳ ಒಂದು ಭಾಗ. ಕೃಷ್ಣಾನದಿ ಇದನ್ನು ಆಳವಾದ ಕಮರಿಯಲ್ಲಿ ಸೀಳಿಕೊಂಡು ಹರಿಯುತ್ತದೆ. ನದಿಯ ದಕ್ಷಿಣಕ್ಕೆ ಶ್ರೀಶೈಲ. ಅದು ಈಗ ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಗೆ ಸೇರಿದೆ. ನದಿಯ ಉತ್ತರಕ್ಕೆ ತೆಲಂಗಾಣದ ನಾಗರಕರ್ನೂಲು ಜಿಲ್ಲೆ. ಈ ಅರಣ್ಯವನ್ನು 1978ರಲ್ಲಿ ಅಭಯಾರಣ್ಯವೆಂದು ಘೋಷಿಸಿ, 1983ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೆ ತರಲಾಯಿತು. ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಮೀಸಲು ಪ್ರದೇಶವೆಂಬುದು ಅದರ ಹೆಸರು. 2014ರಲ್ಲಿ ರಾಜ್ಯ ಇಬ್ಭಾಗವಾದಾಗ ಕಾಡೂ ಇಬ್ಭಾಗವಾಯಿತು. ತೆಲಂಗಾಣದ ಪಾಲಿಗೆ ಬಂದ 2,611 ಚದರ ಕಿಲೋಮೀಟರ್ ಅಮ್ರಾಬಾದ್ ಹುಲಿ ಮೀಸಲು ಪ್ರದೇಶವಾಯಿತು. ಆಂಧ್ರದಲ್ಲಿ ಉಳಿದ ಭಾಗವೇ ಮೂರು ಸಾವಿರ ಚದರ ಕಿಲೋಮೀಟರಿಗೂ ಮಿಗಿಲು. ಕಾಗದದ ಮೇಲೆ ಎರಡಾದರೂ ಹುಲಿಗೆ ಅದು ಒಂದೇ ಕಾಡು. ಯಾತ್ರಿಕರು ಮಾತ್ರ ಇದನ್ನು ನೆನಪಿಟ್ಟುಕೊಳ್ಳಬೇಕು: ಒಂದು ದಡದಲ್ಲಿ ಪಡೆದ ಅನುಮತಿ ಇನ್ನೊಂದು ದಡದಲ್ಲಿ ನಡೆಯುವುದಿಲ್ಲ.

ಮಲೆನಾಡಿನ ಕಾಡನ್ನು ಕಂಡವರು ಇಲ್ಲಿ ಅದೇ ಹಸಿರನ್ನು ಹುಡುಕಬಾರದು. ಇದು ಎಲೆ ಉದುರುವ ಒಣಕಾಡು. ಮತ್ತಿ, ದಿಂಡಿಗ, ಹೊನ್ನೆ, ಇಪ್ಪೆ, ನೆಲ್ಲಿ, ಬಿಲ್ವ, ಬಿದಿರು ಇಲ್ಲಿಯ ಮುಖ್ಯ ಮರಗಿಡಗಳು. ಆಷಾಢದಿಂದ ಕಾರ್ತಿಕದವರೆಗೆ ದಟ್ಟವಾಗಿ ಕಾಣುವ ಬೆಟ್ಟ ಮಹಾಶಿವರಾತ್ರಿಯ ವೇಳೆಗೆ ಬೋಳಾಗುತ್ತದೆ. ಯುಗಾದಿಯ ಹೊತ್ತಿಗೆ ಮೊಣಕಾಲಿನವರೆಗೆ ತರಗೆಲೆ. ನಮ್ಮ ಭಕ್ತರು ಅತಿ ಹೆಚ್ಚಿನ ಸಂಖ್ಯೆಯಲ್ಲಿ ಈ ಕಾಡನ್ನು ಹೊಗುವುದು ಅದು ಅತ್ಯಂತ ಒಣಗಿರುವ ಆ ದಿನಗಳಲ್ಲಿಯೇ. ಮುಂದೆ ಹೇಳಲಿರುವ ಎಚ್ಚರಿಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಒಂದು ಸಂಗತಿಯಿಂದ ಹುಟ್ಟಿದವು.

ಹುಲಿ, ಚಿರತೆ, ಕರಡಿ, ಸೀಳುನಾಯಿ, ಕಡವೆ, ಜಿಂಕೆ, ನಾಲ್ಕು ಕೊಂಬಿನ ಜಿಂಕೆಯಾದ ಕೊಂಡಗುರಿ, ಚಿಪ್ಪುಹಂದಿ, ಮುಸುವ, ನದಿಯಲ್ಲಿ ಮೊಸಳೆ – ಇವು ಇಲ್ಲಿಯ ನಿವಾಸಿಗಳು. 2022ರ ಗಣತಿಯಲ್ಲಿ ಆಂಧ್ರದ ಭಾಗದಲ್ಲಿ ಐವತ್ತಕ್ಕೂ ಹೆಚ್ಚು ಹುಲಿಗಳು ದಾಖಲಾಗಿವೆ. ಹುಲಿಯ ಹೆಸರಿಗೆ ಎಲ್ಲರೂ ಕಿವಿ ನಿಮಿರಿಸುತ್ತಾರೆ. ಜೇಡದ ಹೆಸರಿಗೆ ಯಾರೂ ನಿಲ್ಲುವುದಿಲ್ಲ. ಆದರೂ ಹೇಳುತ್ತೇವೆ. ನವಿಲಿನ ಕೊರಳಿನಂತೆ ನೀಲಿಯಾಗಿ ಮಿನುಗುವ, ಮರದ ಪೊಟರೆಯಲ್ಲಿ ವಾಸಿಸುವ ದೊಡ್ಡ ಜೇಡವೊಂದು ಈ ಬೆಟ್ಟಸಾಲಿನ ನಂದ್ಯಾಲ–ಗಿದ್ದಲೂರು ನಡುವಿನ ಕಾಡಿನಲ್ಲಿದೆ. 1899ರಲ್ಲಿ ಗುತ್ತಿಯ ರೈಲ್ವೆ ಮರದ ದಾಸ್ತಾನಿನಲ್ಲಿ ಸಿಕ್ಕ ಒಂದು ಜೇಡದಿಂದ ಲೋಕಕ್ಕೆ ಇದರ ಪರಿಚಯವಾಯಿತು. ಆಮೇಲೆ ನೂರು ವರ್ಷಗಳ ಕಾಲ ಯಾರ ಕಣ್ಣಿಗೂ ಬೀಳದೆ, 2001ರಲ್ಲಿ ಮತ್ತೆ ಕಂಡಿತು. ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಇದೂ ಸೇರಿದೆ. ಪೊಟರೆಯಿರುವ ಹಳೆಯ ಮರವೊಂದನ್ನು ಸೌದೆಗಾಗಿ ಕಡಿದರೆ ಏನು ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಚೆಂಚು ಜನ

ಕಾಡನ್ನು ವರ್ಣಿಸಿ ಕಾಡಿನ ಜನರನ್ನು ಮರೆತರೆ ಅಪಚಾರವಾದೀತು. ಚೆಂಚುಗಳು ನಲ್ಲಮಲದ ಮೂಲನಿವಾಸಿಗಳು. ಬೇಟೆ, ಗೆಡ್ಡೆಗೆಣಸು, ಜೇನು ಇವರ ಹಳೆಯ ಜೀವನೋಪಾಯ, ಮಾತು ತೆಲುಗು. ಇವರ ಹಟ್ಟಿಗಳಿಗೆ 'ಪೆಂಟ' ಎಂದು ಹೆಸರು. ಶ್ರೀಶೈಲದ ಸುತ್ತ ಸುನ್ನಿಪೆಂಟ, ಈಗಲಪೆಂಟ, ದೋಮಲಪೆಂಟ ಎಂಬ ಊರುಗಳಿರುವುದು ಅದರಿಂದಲೇ. ಈಗಲಪೆಂಟವೆಂದರೆ ನೊಣಗಳ ಹಟ್ಟಿ, ದೋಮಲಪೆಂಟವೆಂದರೆ ಸೊಳ್ಳೆಗಳ ಹಟ್ಟಿ. ಹೆಸರಿಟ್ಟವರು ಸುಳ್ಳು ಹೇಳಿಲ್ಲ. ಸೊಳ್ಳೆಪರದೆ ಒಯ್ಯುವುದು ಒಳ್ಳೆಯದು.

ಮಲ್ಲಿಕಾರ್ಜುನನು ಚೆಂಚು ಹೆಣ್ಣನ್ನು ಮದುವೆಯಾದನೆಂದು ಇವರ ಐತಿಹ್ಯ. ಆದ್ದರಿಂದ ಅವನು ಇವರ ಪಾಲಿಗೆ ಚೆಂಚುಮಲ್ಲಯ್ಯ, ಮನೆಯ ಅಳಿಯ. ನಮ್ಮ ಕನ್ನಡ ಭಕ್ತರಾದರೋ ಭ್ರಮರಾಂಬೆಯನ್ನು ತಮ್ಮ ಮನೆಮಗಳೆಂದು ಭಾವಿಸಿ ಯುಗಾದಿಗೆ ಸೀರೆ, ಕುಪ್ಪಸ, ಬಳೆ, ಅರಿಸಿನ ಕುಂಕುಮ ಒಯ್ಯುತ್ತಾರೆ. ಹೀಗೆ ನೋಡಿದರೆ ಚೆಂಚುಗಳೂ ನಾವೂ ಬೀಗರೇ ಆಗಬೇಕು. ಬೀಗರ ಊರಿಗೆ ಹೋದವರು ಅವರ ಅಂಗಳದಲ್ಲಿ ಕಸ ಚೆಲ್ಲಿ ಬರುವುದುಂಟೆ?

1943ರಲ್ಲಿ ಮಾನವಶಾಸ್ತ್ರಜ್ಞ ಕ್ರಿಸ್ಟಾಫ್ ಫಾನ್ ಫ್ಯೂರರ್-ಹೈಮನ್‌ಡಾರ್ಫ್ ಇವರ ಬಗ್ಗೆ ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಇಂದು ಅರಣ್ಯ ಇಲಾಖೆಯ ಕಾವಲಿನಲ್ಲಿ, ಹುಲಿಯ ಹೆಜ್ಜೆ ಗುರುತಿಸುವ ಕೆಲಸದಲ್ಲಿ ಚೆಂಚು ಯುವಕರಿದ್ದಾರೆ. ಕದಳಿವನದ ದಾರಿಯಲ್ಲಿ ಇವರ ಮಾರ್ಗದರ್ಶನವಿಲ್ಲದೆ ಹೆಜ್ಜೆಯಿಡಬಾರದು. ಇವರಿಂದ ಜೇನು ಕೊಳ್ಳುವವರು ಚೌಕಾಸಿ ಮಾಡುವುದನ್ನು ನಾವು ಕಂಡಿದ್ದೇವೆ. ಹೆಜ್ಜೇನು ಕಟ್ಟುವುದು ಕಡಿದಾದ ಬಂಡೆಯ ಮೇಲೆ. ಹಗ್ಗ ಹಿಡಿದು ಇಳಿದು ಅದನ್ನು ತರುವುದು ಪ್ರಾಣವನ್ನು ಒತ್ತೆಯಿಟ್ಟು ಮಾಡುವ ಕಾಯಕ. ಕಾಯಕದ ಬೆಲೆ ಬಲ್ಲ ಸಮಾಜದವರಾದ ನಮಗೆ ಹೆಚ್ಚು ಹೇಳಬೇಕಿಲ್ಲ.

ಅಕ್ಕನ ಗವಿ

ಉಡುತಡಿಯಿಂದ ಹೊರಟು, ಕಲ್ಯಾಣದ ಅನುಭವ ಮಂಟಪದಲ್ಲಿ ಪ್ರಭುದೇವರ ಪ್ರಶ್ನೆಗಳನ್ನು ಎದುರಿಸಿ ಗೆದ್ದು, ಶರಣರನ್ನು ಬೀಳ್ಕೊಂಡು ಅಕ್ಕ ಶ್ರೀಶೈಲದತ್ತ ನಡೆದ ಕಥೆ ಹರಿಹರನ ರಗಳೆಯಿಂದಲೂ ಶೂನ್ಯಸಂಪಾದನೆಗಳಿಂದಲೂ ನಮಗೆಲ್ಲ ಪರಿಚಿತ. ಆಕೆ ತಪಸ್ಸಿಗೆ ಕುಳಿತಳೆಂದು ಪರಂಪರೆ ಗುರುತಿಸುವ ಗವಿ ಕೃಷ್ಣೆಯ ಮೇಲ್ಹರಿವಿನಲ್ಲಿ, ತೆಲಂಗಾಣದ ದಡದ ಬೆಟ್ಟದಲ್ಲಿದೆ.

ಹೋಗುವ ಬಗೆ ಹೀಗೆ: ಶ್ರೀಶೈಲದಿಂದ ಮೆಟ್ಟಿಲು ಇಳಿದೋ ರೋಪ್‌ವೇಯಲ್ಲಿ ಕುಳಿತೋ ಪಾತಾಳಗಂಗೆಯ ದೋಣಿಕಟ್ಟೆಗೆ ಬರಬೇಕು. ಅಲ್ಲಿಂದ ಪ್ರವಾಸೋದ್ಯಮ ಇಲಾಖೆಯ ಮೋಟಾರು ದೋಣಿ. ಒಂದು, ಒಂದೂವರೆ ಗಂಟೆಯ ಜಲಯಾನ. ಎರಡೂ ಕಡೆ ಕಡಿದಾದ ಬಂಡೆಗೋಡೆ, ಮೇಲೆ ಕಾಡು, ಎಲ್ಲಿಯೂ ಊರಿಲ್ಲ. ದೋಣಿಯಿಂದ ಇಳಿದ ಮೇಲೆ ಗವಿಯವರೆಗೆ ಏರುದಾರಿ. ಗವಿಯ ಎದುರಿಗೆ ಪ್ರಕೃತಿಯೇ ಕಟ್ಟಿದ ಕಲ್ಲಿನ ಕಮಾನೊಂದಿದೆ. ಕಂಬವಿಲ್ಲದೆ ಚಾಚಿ ನಿಂತ ಆ ಹಾಸುಬಂಡೆಯನ್ನು ನೋಡಲೆಂದೇ ಬರುವವರಿದ್ದಾರೆ.

ಅಣೆಕಟ್ಟೆಯ ಮಾತು ಇಲ್ಲಿ ಬರಬೇಕು. 1960ರಲ್ಲಿ ಆರಂಭವಾಗಿ ಎರಡು ದಶಕಗಳಲ್ಲಿ ಮುಗಿದ ಶ್ರೀಶೈಲ ಅಣೆಕಟ್ಟೆಯ ಎತ್ತರ 145 ಮೀಟರ್. ಅದರ ಹಿನ್ನೀರು ತುಂಬಿದ್ದರಿಂದಲೇ ಇಂದು ದೋಣಿ ಗವಿಯ ಬೆಟ್ಟದ ಬುಡದವರೆಗೆ ಸಲೀಸಾಗಿ ಹೋಗುತ್ತದೆ. ಅಕ್ಕನ ಕಾಲದಲ್ಲಿ ನದಿ ಬಹಳ ಕೆಳಗೆ, ಕಮರಿಯ ತಳದಲ್ಲಿ ಹರಿಯುತ್ತಿತ್ತು. ದೋಣಿಯಲ್ಲಿ ಆರಾಮವಾಗಿ ಕುಳಿತವರು ಒಮ್ಮೆ ಕೆಳಗಿನ ನೀರಿನ ಆಳವನ್ನು ನೆನೆದರೆ, ಒಬ್ಬಂಟಿ ಹೆಣ್ಣುಮಗಳು ಇಲ್ಲಿಗೆ ಯಾವ ದಾರಿಯಲ್ಲಿ ಹತ್ತಿ ಬಂದಿರಬೇಕೆಂಬುದು ಸ್ವಲ್ಪಮಟ್ಟಿಗೆ ಹೊಳೆಯುತ್ತದೆ. ಜಲಾಶಯದ ಪೂರ್ಣಮಟ್ಟ 885 ಅಡಿ. ಮಳೆಗಾಲದ ನಂತರ ನೀರು ತುಂಬಿ ನಿಂತಿರುವ ಅಕ್ಟೋಬರಿನಿಂದ ಜನವರಿಯವರೆಗಿನ ಅವಧಿ ಗವಿಯ ದರ್ಶನಕ್ಕೆ ಪ್ರಶಸ್ತ. ಬೇಸಿಗೆಯಲ್ಲಿ ನೀರು ಇಳಿದರೆ ದೋಣಿಯ ಸಂಚಾರ ನಿಲ್ಲುವುದುಂಟು. ಯುಗಾದಿಗೆ ಹೋದವರಲ್ಲಿ ಎಷ್ಟೋ ಮಂದಿ ಗವಿ ಕಾಣದೆ ಹಿಂದಿರುಗುತ್ತಾರೆ. ಗವಿಯೇ ಮುಖ್ಯ ಉದ್ದೇಶವಾಗಿದ್ದರೆ ಕಾರ್ತಿಕದಲ್ಲಿ ಹೊರಡಿರಿ.

ಗವಿಯ ಒಳಗೆ ದಾರಿ ಇಕ್ಕಟ್ಟು. ತಲೆ ಬಗ್ಗಿಸಿ, ಕೆಲವೆಡೆ ಮೈಯನ್ನು ಅಡ್ಡವಾಗಿ ಸರಿಸಿ, ಕತ್ತಲಲ್ಲಿ ಸಾಗಿದ ಮೇಲೆ ಕೊನೆಯಲ್ಲಿ ಲಿಂಗವಿದೆ. ಒಳಗೆ ಬೆಳಕಿಲ್ಲ, ಪ್ರತಿಯೊಬ್ಬರ ಕೈಯಲ್ಲೂ ಟಾರ್ಚ್ ಇರಬೇಕು. ಉಬ್ಬಸ, ಹೃದಯದ ತೊಂದರೆ, ರಕ್ತದೊತ್ತಡ ಇರುವವರು, ಇಕ್ಕಟ್ಟಿನಲ್ಲಿ ಗಾಬರಿಯಾಗುವವರು ಹೊರಗಿನ ಕಮಾನಿನ ಕೆಳಗೇ ಕುಳಿತು ಧ್ಯಾನ ಮಾಡಲಿ. ಒಳಗೆ ಹೋಗದಿದ್ದರೆ ಯಾತ್ರೆ ಅಪೂರ್ಣವೆಂದು ಹಿರಿಯರನ್ನು ಒತ್ತಾಯಿಸಿ ನೂಕುವವರಿದ್ದಾರೆ, ಇದು ಭಕ್ತಿಯಲ್ಲ.

ಗವಿಯೊಳಗೆ ಕರ್ಪೂರ, ಊದುಬತ್ತಿ, ಧೂಪ ಹಚ್ಚಬಾರದು. ಇದನ್ನು ನಾವು ಒತ್ತಿ ಹೇಳುತ್ತಿದ್ದೇವೆ. ಗಾಳಿಯಾಡದ ಇಕ್ಕಟ್ಟಿನಲ್ಲಿ ಹೊಗೆ ತುಂಬಿದರೆ ಹಿಂದೆ ಬರುವವರಿಗೆ ಉಸಿರು ಕಟ್ಟುತ್ತದೆ. ಗವಿಯ ಮೇಲ್ಛಾವಣಿಯಲ್ಲಿ ತೂಗುವ ಬಾವಲಿಗಳು ಹೊಗೆಗೆ ಬೆದರಿ ಮರಿಗಳನ್ನು ಕೆಡವುತ್ತವೆ. ಹೊರಗಿನ ಬಂಡೆಗಳಲ್ಲಿ ಹೆಜ್ಜೇನು ಇದ್ದರಂತೂ ಹೊಗೆಯೆಂದರೆ ಯುದ್ಧಕ್ಕೆ ಕರೆ ಕೊಟ್ಟಂತೆಯೇ. ಇಷ್ಟಲಿಂಗಪೂಜೆ ಮಾಡಿಕೊಳ್ಳಬಯಸುವವರು ಹೊರಗಿನ ಬಯಲಿನಲ್ಲಿ ವಿಭೂತಿ, ಪತ್ರೆ, ನೀರು – ಇಷ್ಟರಲ್ಲಿ ಪೂಜೆ ಮುಗಿಸಲಿ. ಪತ್ರೆಯನ್ನು ಊರಿಂದಲೇ ತರುವುದು ಮೇಲು. ಕಾಡಿನ ಬಿಲ್ವವನ್ನು ಸಾವಿರಾರು ಜನ ಕೊಂಬೆ ಸಹಿತ ಮುರಿದರೆ ಒಂದು ವರ್ಷಕ್ಕೇ ಗಿಡ ಸಾಯುತ್ತದೆ.

ನಲ್ಲಮಲದ ಈ ಗವಿಗಳನ್ನು ಬೇಲಂ ಗವಿಗಳೊಡನೆ ಹೋಲಿಸುವವರಿದ್ದಾರೆ. ಬೇಲಂ ಅದೇ ನಂದ್ಯಾಲ ಜಿಲ್ಲೆಯಲ್ಲಿದ್ದರೂ ಅದು ಸುಣ್ಣಕಲ್ಲಿನ ಗವಿ. ನೀರು ಕಲ್ಲನ್ನು ಕರಗಿಸಿ ಮೂರು ಕಿಲೋಮೀಟರಿಗೂ ಮಿಕ್ಕಿ ಉದ್ದಕ್ಕೆ ಕೊರೆದದ್ದು. ಅಲ್ಲಿ ವಿದ್ಯುದ್ದೀಪ, ಮೆಟ್ಟಿಲು, ಗಾಳಿಯ ವ್ಯವಸ್ಥೆ ಎಲ್ಲವೂ ಇವೆ. ಶ್ರೀಶೈಲದ ಬೆಟ್ಟಗಳದ್ದು ಬೆಣಚುಕಲ್ಲಿನ ಜಾತಿ. ಬಿರುಕು ಬಿಟ್ಟು, ಕುಸಿದು, ಚಪ್ಪಡಿಯ ಕೆಳಗೆ ಚಪ್ಪಡಿ ಸರಿದು ಆದ ಪೊಳ್ಳುಗಳು. ಬೇಲಮ್ಮಿನ ಸೌಕರ್ಯವನ್ನು ಇಲ್ಲಿ ನಿರೀಕ್ಷಿಸಬಾರದು. ಅದು ಇಲ್ಲಿಗೆ ಬರುವುದೂ ಬೇಡವೆಂಬುದು ನಮ್ಮ ಅಭಿಪ್ರಾಯ.

ಕದಳಿವನ

ಅಕ್ಕನ ಗವಿಗಿಂತಲೂ ಮುಂದೆ, ನದಿಯ ಮೇಲ್ಹರಿವಿನಲ್ಲಿ ಕದಳಿವನ. ದೋಣಿಯಿಂದ ಇಳಿದ ಮೇಲೆ ಕಡಿದಾದ ಏರು, ಬಳಿಕ ಕಾಡಿನ ಕಾಲುದಾರಿಯಲ್ಲಿ ಮೈಲುಗಟ್ಟಲೆ ನಡಿಗೆ, ಕೊನೆಯಲ್ಲಿ ಬೃಹತ್ ಬಂಡೆಯ ಕೆಳಗಿನ ಗವಿ. ಅಕ್ಕನು ಚೆನ್ನಮಲ್ಲಿಕಾರ್ಜುನನಲ್ಲಿ ಬಯಲಾದ ತಾಣವಿದೆಂದು ನಮ್ಮ ಪರಂಪರೆ. ಗಾಣಗಾಪುರದ ನರಸಿಂಹ ಸರಸ್ವತಿಗಳು ಅದೃಶ್ಯರಾದದ್ದು ಇಲ್ಲಿಯೇ ಎಂಬ ಗುರುಚರಿತ್ರೆಯ ನಂಬಿಕೆಯಿಂದ ದತ್ತ ಸಂಪ್ರದಾಯದ ಭಕ್ತರೂ, ವಿಶೇಷವಾಗಿ ಮಹಾರಾಷ್ಟ್ರದವರು, ಇಲ್ಲಿಗೆ ಬರುತ್ತಾರೆ. ಎರಡು ಪರಂಪರೆಗಳು ಒಂದೇ ಗವಿಯನ್ನು ಜಗಳವಿಲ್ಲದೆ ಹಂಚಿಕೊಂಡಿರುವುದು ಸಂತೋಷದ ವಿಷಯ.

ಕದಳಿಯೆಂದರೆ ಬಾಳೆ. ಹೆಸರು ಕೇಳಿ ಬಾಳೆಯ ತೋಟವನ್ನು ಕಲ್ಪಿಸಿಕೊಂಡು ಹೋದವರಿಗೆ ಎದುರಾಗುವುದು ಒಣಕಾಡು, ಬಂಡೆ, ಬಿಸಿಲು. ವಚನಗಳಲ್ಲಿ ಕದಳಿಯು ತನುವಿಗೂ ಮನಕ್ಕೂ ಸಂಸಾರಕ್ಕೂ ಸಂಕೇತವಾಗಿ ಬರುತ್ತದೆ. ಸಿಪ್ಪೆಯ ಮೇಲೆ ಸಿಪ್ಪೆ ಬಿಡಿಸಿದರೆ ಕೊನೆಗೆ ತಿರುಳಿಲ್ಲ, ಬಯಲೇ. ಒಮ್ಮೆ ಗೊನೆಬಿಟ್ಟರೆ ಆ ಗಿಡ ಮುಗಿಯಿತು. ನೆಲದ ಮೇಲಿನ ಕದಳಿಗೆ ಹೊರಡುವ ಮುನ್ನ ಆ ವಚನಗಳನ್ನು ಒಮ್ಮೆ ಓದಿಕೊಂಡು ಹೋದರೆ ದಾರಿಯ ದಣಿವಿಗೆ ಅರ್ಥ ಬರುತ್ತದೆ.

ಈ ನಡಿಗೆ ಅರವತ್ತು ದಾಟಿದವರಿಗೆ ತಕ್ಕದ್ದಲ್ಲವೆಂದು ಸ್ಪಷ್ಟವಾಗಿ ಹೇಳುತ್ತೇವೆ. ಅಭ್ಯಾಸವಿರುವ ರೈತ ಬಂಧುಗಳ ಮಾತು ಬೇರೆ. ಕುಡಿಯುವ ನೀರು ತಲೆಗೆ ಮೂರು ಲೀಟರಿಗೆ ಕಡಿಮೆಯಿರಬಾರದು. ನಸುಕಿನಲ್ಲಿ ದೋಣಿ ಹಿಡಿದು ಸಂಜೆಗೆ ಹಿಂದಿರುಗಬೇಕು. ಸಿದ್ಧಪುರುಷರು ಉಳಿದಿದ್ದರೆಂದು ನಾವೂ ರಾತ್ರಿ ಉಳಿಯುತ್ತೇವೆನ್ನುವ ಉತ್ಸಾಹಿಗಳಿಗೆ ಅಲ್ಲಿ ಎದುರಾಗುವುದು ಹೆಚ್ಚಾಗಿ ಕರಡಿ.

ತೀರ್ಥಗಳು ಮತ್ತು ಜಲಪಾತಗಳು

ಊರಿಗೆ ಹತ್ತಿರದ್ದು ಫಾಲಧಾರ–ಪಂಚಧಾರ, ಶ್ರೀಶೈಲದಿಂದ ಐದಾರು ಕಿಲೋಮೀಟರ್ ಒಳಗೆ, ಹಾಟಕೇಶ್ವರದ ಬಳಿ. ಮೆಟ್ಟಿಲಿಳಿದು ಕಣಿವೆಗೆ ಹೋದರೆ ಬಂಡೆಯ ಸಂದಿನಿಂದ ಜಿನುಗುವ ನೀರಿನ ಧಾರೆಗಳು. ಆದಿಶಂಕರರು ಇಲ್ಲಿ ತಪಸ್ಸು ಮಾಡಿ ಶಿವಾನಂದಲಹರಿಯನ್ನು ರಚಿಸಿದರೆಂದು ಸ್ಥಳೀಯ ನಂಬಿಕೆ. ಬೇಸಿಗೆಯಲ್ಲೂ ಬತ್ತದ ಈ ಧಾರೆ ನೋಡಲು ದೊಡ್ಡದಲ್ಲ. ಜಲಪಾತವೆಂದು ಭೋರ್ಗರೆತವನ್ನು ನಿರೀಕ್ಷಿಸಿದವರು ನಿರಾಶರಾಗುತ್ತಾರೆ, ಬಾಯಾರಿ ಹೋದವರು ಧನ್ಯರಾಗುತ್ತಾರೆ.

ಭೋರ್ಗರೆತ ಬೇಕೆನ್ನುವವರಿಗೆ ಮಲ್ಲೆಲತೀರ್ಥವಿದೆ. ಹೈದರಾಬಾದಿನ ರಸ್ತೆಯಲ್ಲಿ ಐವತ್ತು ಕಿಲೋಮೀಟರಿಗೂ ಹೆಚ್ಚು ಹೋಗಿ, ವಟವರ್ಲಪಲ್ಲಿಯ ಬಳಿ ಕಾಡಿನೊಳಕ್ಕೆ ತಿರುಗಬೇಕು. ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು ಇಳಿದರೆ ಸುಮಾರು 150 ಅಡಿ ಎತ್ತರದಿಂದ ನೀರು ಧುಮುಕುವ ತಾಣ. ಮಳೆಗಾಲ ಕಳೆದ ಮೇಲೆ, ಚಳಿಗಾಲದ ಕೊನೆಯೊಳಗೆ ಹೋಗಬೇಕು. ಏಪ್ರಿಲಿನಲ್ಲಿ ಅಲ್ಲಿ ಒದ್ದೆ ಬಂಡೆಯಷ್ಟೇ ಉಳಿದಿರುತ್ತದೆ. ಇಳಿಯುವಾಗ ಸುಲಭವೆನಿಸಿದ ಮೆಟ್ಟಿಲುಗಳು ಹತ್ತುವಾಗ ಎರಡರಷ್ಟಾಗುತ್ತವೆ.

ಸಲೇಶ್ವರಂ ಬಗೆ ಬೇರೆ. ಅಮ್ರಾಬಾದ್ ಕಾಡಿನ ನಡುಭಾಗದಲ್ಲಿ, ಆಳವಾದ ಕಣಿವೆಯೊಳಗೆ, ಗವಿಯಲ್ಲಿ ಲಿಂಗ, ಎದುರಿಗೆ ಜಲಪಾತ. ಚೆಂಚುಗಳು ಲಿಂಗಮಯ್ಯನೆಂದು ಪೂಜಿಸುವ ದೈವ ಇದು. ವರ್ಷದಲ್ಲಿ ಚೈತ್ರ ಹುಣ್ಣಿಮೆಯ ಆಸುಪಾಸಿನ ಕೆಲವೇ ದಿನ ಜಾತ್ರೆಗಾಗಿ ದಾರಿ ತೆರೆಯುತ್ತದೆ. ಉಳಿದ ಕಾಲವೆಲ್ಲ ಅದು ಹುಲಿಯ ಪಾಲು. ಆ ಇಕ್ಕಟ್ಟಿನ ಕಣಿವೆಯಲ್ಲಿ ನೂಕುನುಗ್ಗಲು ಬಹಳ. ಮಕ್ಕಳನ್ನು ಕರೆದೊಯ್ಯದಿರುವುದು ಲೇಸು.

ಶಿಖರೇಶ್ವರ, ಸಾಕ್ಷಿ ಗಣಪತಿ, ಹಾಟಕೇಶ್ವರಗಳು ರಸ್ತೆಯ ಬದಿಯಲ್ಲೇ ಇದ್ದು ಎಲ್ಲರೂ ನೋಡುವಂಥವು. 2,830 ಅಡಿ ಎತ್ತರದ ಶಿಖರೇಶ್ವರದಿಂದ ಕಾಣುವ ಕಾಡಿನ ಹರವನ್ನು ಸಂಜೆಯಲ್ಲಿ ನೋಡಬೇಕು. ಇಷ್ಟಕಾಮೇಶ್ವರಿಗೆ ಅರಣ್ಯ ಇಲಾಖೆ ಅನುಮತಿಸಿದ ಜೀಪುಗಳಲ್ಲಿ ಮಾತ್ರ ಪ್ರವೇಶ. ವನ್ಯಪ್ರಾಣಿಗಳನ್ನು ನೋಡಬಯಸುವವರಿಗೆ ದೋರ್ನಾಲ ರಸ್ತೆಯ ತುಮ್ಮಲಬೈಲಿನಲ್ಲಿ ಸಫಾರಿಯಿದೆ. ಬೈರ್ಲೂಟಿಯಲ್ಲಿ ಇಲಾಖೆಯ ವಸತಿ ಶಿಬಿರವಿದೆ. ಹುಲಿ ಕಂಡೇ ತೀರುವುದೆಂದು ಯಾರೂ ಭರವಸೆ ಕೊಡಲಾರರು. ಒಣಕಾಡಿನ ಹುಲಿ ಬಂಡೀಪುರದ ಹುಲಿಯಂತೆ ರಸ್ತೆಗೆ ಬಂದು ನಿಲ್ಲುವುದು ಅಪರೂಪ.

ಪಾದಯಾತ್ರೆಯ ದಾರಿ

ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಮಲ್ಲಯ್ಯನ ಕಂಬಿ ಹೊತ್ತು ಯುಗಾದಿಗೆ ಶ್ರೀಶೈಲಕ್ಕೆ ನಡೆಯುವ ಸಂಪ್ರದಾಯ ಇಂದಿಗೂ ಜೀವಂತವಾಗಿದೆ. ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಸೊನ್ನಲಿಗೆಯ ಬಾಲಕ ಸಿದ್ಧರಾಮನು ಮಲ್ಲಯ್ಯನನ್ನು ಹುಡುಕುತ್ತ ಬಂದು, ಕಾಣದೆ ಕೊಳ್ಳಕ್ಕೆ ಹಾರಲು ಹೊರಟ ಪ್ರಸಂಗವನ್ನು ರಾಘವಾಂಕನು ಹೇಳಿದ್ದಾನೆ. ಪಾಲ್ಕುರಿಕೆ ಸೋಮನಾಥನು ಪಂಡಿತಾರಾಧ್ಯ ಚರಿತ್ರೆಯಲ್ಲಿ ಪರ್ವತಪ್ರಕರಣವೆಂಬ ಒಂದು ಭಾಗವನ್ನೇ ಈ ಬೆಟ್ಟಕ್ಕೆ ಮೀಸಲಿಟ್ಟಿದ್ದಾನೆ. ರೆಡ್ಡಿ ಅರಸರಲ್ಲಿ ಪ್ರೋಲಯ ವೇಮನೂ ವಿಜಯನಗರದ ರಾಣಿ ವಿಠಲಾಂಬೆಯೂ ಯಾತ್ರಿಕರಿಗಾಗಿ ಮೆಟ್ಟಿಲು ಕಟ್ಟಿಸಿದರು. ಅಂದರೆ ಈ ದಾರಿಯಲ್ಲಿ ಹೆಜ್ಜೆಗಳಿಗೆ ಕನಿಷ್ಠ ಎಂಟುನೂರು ವರ್ಷ.

ಕರ್ನೂಲು, ಆತ್ಮಕೂರು ದಾಟಿದ ಮೇಲೆ ವೆಂಕಟಾಪುರದಲ್ಲಿ ಕಾಡು ಹೊಗಬೇಕು. ನಾಗಲೂಟಿಯ ವೀರಭದ್ರ, ಪೆದ್ದಚೆರುವು, ಮಠಂಬಾವಿ, ಭೀಮುನಿಕೊಲನು, ಕೈಲಾಸದ್ವಾರ – ಇದು ಕ್ರಮ. ಭೀಮುನಿಕೊಲನಿನ ಕಮರಿಯಿಂದ ಕೈಲಾಸದ್ವಾರಕ್ಕೆ ಹತ್ತುವ ಮೆಟ್ಟಿಲುಗಳು ಕೊನೆಯ ಪರೀಕ್ಷೆ. ಬಿಸಿಲಾಘಾತದಿಂದ ಯಾತ್ರಿಕರು ಕುಸಿಯುವುದು ಹೆಚ್ಚಾಗಿ ಈ ಏರಿನಲ್ಲಿ. ಬೆಳಗಿನ ಹತ್ತು ಗಂಟೆಯೊಳಗೆ ಅಥವಾ ಬಿಸಿಲು ಇಳಿದ ಮೇಲೆ ಇದನ್ನು ಹತ್ತಬೇಕು, ಉಪವಾಸವಿದ್ದು ಹತ್ತಬಾರದು. ಉಪ್ಪು ಬೆರೆಸಿದ ಮಜ್ಜಿಗೆ, ಬೆಲ್ಲ, ನಿಂಬೆಹಣ್ಣು ಜೊತೆಗಿರಲಿ. ಮಾತು ತೊದಲಿದರೆ, ಬೆವರು ನಿಂತು ಮೈ ಸುಡುತ್ತಿದ್ದರೆ ಅದನ್ನು ದೇವರು ಮೈಮೇಲೆ ಬಂದದ್ದೆಂದು ಭಾವಿಸದೆ ಕೂಡಲೇ ನೆರಳಿಗೆ ಕರೆತಂದು, ಮೈಗೆ ತಣ್ಣೀರು ಹಾಕಿ, ವೈದ್ಯಕೀಯ ಶಿಬಿರಕ್ಕೆ ಒಯ್ಯಬೇಕು.

ಈ ಹಾದಿ ಹುಲಿ ಮೀಸಲು ಪ್ರದೇಶದ ಒಳಗೇ ಹಾದುಹೋಗುತ್ತದೆ. ಅರಣ್ಯ ಇಲಾಖೆ ಶಿವರಾತ್ರಿ, ಯುಗಾದಿಗಳಿಗೆ ದಿನಗಳನ್ನು ನಿಗದಿಪಡಿಸಿ ದಾರಿ ಬಿಡುತ್ತದೆ. ಆ ದಿನಗಳ ಹೊರಗೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ದಾರಿ ಬಿಟ್ಟಿರುವುದು ಹಕ್ಕಿಗಿಂತ ಹೆಚ್ಚಾಗಿ ವಿಶ್ವಾಸದಿಂದ. ಆ ವಿಶ್ವಾಸವನ್ನು ನಾವು ಕೆಡಿಸಿದರೆ ಎಂಟುನೂರು ವರ್ಷದ ದಾರಿಗೆ ಬೇಲಿ ಬೀಳುವುದು ಕಷ್ಟವೇನಲ್ಲ. ಯುಗಾದಿ ಕಳೆದ ವಾರದಲ್ಲಿ ಆ ಹಾದಿಯ ಸ್ಥಿತಿಯನ್ನು ನೋಡಿ ಬಂದ ನಮ್ಮ ಭಕ್ತರೊಬ್ಬರು, ದಾರಿ ಕೇಳಬೇಕಾದ ಅಗತ್ಯವೇ ಬೀಳಲಿಲ್ಲ, ಪ್ಲಾಸ್ಟಿಕ್ ಬಾಟಲಿಗಳನ್ನು ನೋಡಿಕೊಂಡೇ ಕೈಲಾಸದ್ವಾರ ಸೇರಿದೆ ಎಂದರು. ನಗುತ್ತಲೇ ಹೇಳಿದರು, ಕೇಳಿದ ನಮಗೆ ನಗು ಬರಲಿಲ್ಲ. ಕಡವೆ, ಜಿಂಕೆಗಳು ಉಪ್ಪಿನ ರುಚಿಗೆ ಆ ಹಾಳೆಗಳನ್ನು ನುಂಗುತ್ತವೆ; ಹೊಟ್ಟೆಯಲ್ಲಿ ಸಿಕ್ಕಿಕೊಂಡು ಸಾಯುತ್ತವೆ.

ಆದ್ದರಿಂದ ಶ್ರೀಮಠದ ಹೆಸರಿನಲ್ಲಿ ಹೊರಡುವ ತಂಡಗಳಿಗೆ ಕೆಲವು ಕಟ್ಟುಗಳನ್ನು ಹಾಕಿದ್ದೇವೆ. ದಾಸೋಹ ನಡೆಸುವವರು ಮುತ್ತುಗದ ಎಲೆಯ ಪತ್ರಾವಳಿಯನ್ನೇ ಬಳಸಬೇಕು. ಪ್ರತಿಯೊಬ್ಬರೂ ಸ್ಟೀಲಿನ ಲೋಟ, ತುಂಬಿಕೊಳ್ಳುವ ನೀರಿನ ಪಾತ್ರೆ ತರಬೇಕು. ಕಾಡಿನೊಳಗೆ ಒಲೆ ಹೂಡುವಂತಿಲ್ಲ. ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ, ಹುರಿದ ಕಾಳು ಸಾಕು. ಬೀಡಿ ಸಿಗರೇಟು ಸೇದುವವರನ್ನು ತಂಡಕ್ಕೆ ಸೇರಿಸಿಕೊಳ್ಳುವುದಿಲ್ಲ. ಇದು ಕಠಿಣವೆಂದು ಗೊಣಗಿದವರಿದ್ದಾರೆ. ಒಣ ತರಗೆಲೆಯ ಮೇಲೆ ಬಿದ್ದ ಒಂದು ಬೀಡಿಯ ಕಿಡಿ ರಾತ್ರಿಯೊಳಗೆ ಇಡೀ ಗುಡ್ಡವನ್ನು ಏರಬಲ್ಲದು. ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿ, ಆಮೆ, ಹಾವು, ಆಗ ತಾನೇ ಮೊಳೆತ ಸಸಿ – ಬೆಂಕಿಗೆ ಮೊದಲು ಬಲಿಯಾಗುವುದು ಓಡಲಾರದವು.

ಧ್ವನಿವರ್ಧಕ, ಡೋಲು, ಪಟಾಕಿ ಕಾಡಿನ ಗಡಿಯಲ್ಲಿಯೇ ನಿಲ್ಲಲಿ. ಆದರೆ ಸಣ್ಣ ಗುಂಪಿನಲ್ಲಿ ಮಾತಾಡುತ್ತ, ಪಂಚಾಕ್ಷರಿ ನುಡಿಯುತ್ತ ನಡೆಯುವುದು ಒಳ್ಳೆಯದು. ಕರಡಿಗೆ ಕಣ್ಣು ಮಂದ. ಸದ್ದಿಲ್ಲದೆ ಎದುರಾದ ಮನುಷ್ಯನನ್ನು ಕಂಡು ಬೆಚ್ಚಿ ಮೇಲೆ ಬೀಳುತ್ತದೆ. ಇಪ್ಪೆಯ ಹೂವು ಉದುರುವುದೂ ಯುಗಾದಿಯ ದಿನಗಳಲ್ಲೇ, ಕರಡಿ ಅದನ್ನು ತಿನ್ನಲು ಬರುವುದು ಮುಂಜಾವದಲ್ಲಿ, ಮುಸ್ಸಂಜೆಯಲ್ಲಿ. ಹೂವು ಚೆಲ್ಲಿರುವ ಮರದ ಕೆಳಗೆ ಕತ್ತಲಲ್ಲಿ ಮಲಗಬಾರದು. ಮಂಗಗಳಿಗೆ ಪ್ರಸಾದ ಹಾಕುವುದನ್ನು ಕರುಣೆಯೆಂದು ತಿಳಿಯುವವರು ಹೆಚ್ಚು. ಹಾಗೆ ಹಾಕಿದ್ದರಿಂದಲೇ ಅವು ರಸ್ತೆಗೆ ಬಂದು ವಾಹನಗಳಿಗೆ ಸಿಕ್ಕಿ ಸಾಯುತ್ತಿವೆ. ಊರಂಚಿನಲ್ಲಿ ಕಸ ಬಿದ್ದಲ್ಲಿ ನಾಯಿ, ನಾಯಿಯ ಹಿಂದೆ ಚಿರತೆ. ಶ್ರೀಶೈಲದಲ್ಲಿ ರಾತ್ರಿ ಹೊತ್ತು ಮಕ್ಕಳನ್ನು ಒಂಟಿಯಾಗಿ ಬಿಡಬಾರದೆಂದು ಹೇಳುವುದು ಅದಕ್ಕಾಗಿ.

ರಸ್ತೆ, ಸಮಯ

ರಾಯಚೂರಿನ ಕಡೆಯಿಂದ ಬರುವವರು ಕರ್ನೂಲು, ಆತ್ಮಕೂರು, ದೋರ್ನಾಲದ ಮೂಲಕ ಘಟ್ಟ ಹತ್ತುತ್ತಾರೆ. ಕರ್ನೂಲಿನಿಂದ ಸುಮಾರು 180 ಕಿಲೋಮೀಟರ್. ರೈಲಿನಲ್ಲಿ ಬರುವವರಿಗೆ ಮಾರ್ಕಾಪುರ ರೋಡ್ ನಿಲ್ದಾಣ ಅನುಕೂಲ. ಅಲ್ಲಿಂದ ಬಸ್ಸು ಉಂಟು. ದೋರ್ನಾಲದ ಕಡೆಯಲ್ಲೂ ಹೈದರಾಬಾದ್ ರಸ್ತೆಯ ಮನ್ನನೂರಿನ ಕಡೆಯಲ್ಲೂ ಅರಣ್ಯದ ತನಿಖಾ ಠಾಣೆಗಳು ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚಿರುತ್ತವೆ. ಹಬ್ಬದ ದಿನಗಳಲ್ಲಿ ಇದರಲ್ಲಿ ಬದಲಾವಣೆ ಇರಬಹುದಾದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು. ತಡವಾಗಿ ಬಂದು, ಗೇಟಿನವರ ಮುಂದೆ ಮಠದ ಹೆಸರು ಹೇಳಿ ಬಿಡಿಸಿಕೊಳ್ಳಲು ಯಾರೂ ಯತ್ನಿಸಬಾರದು. ಕಾಡಿನ ರಸ್ತೆಯಲ್ಲಿ ವಾಹನದ ವೇಗ ಕಡಿಮೆಯಿರಲಿ, ನಡುವೆ ನಿಲ್ಲಿಸಿ ಇಳಿಯುವುದು ಬೇಡ.

ಈ ವರ್ಷದ ಯುಗಾದಿ ಪಾದಯಾತ್ರೆಗೆ ಶ್ರೀಮಠದಿಂದ ಹೊರಡುವವರು ತಮ್ಮ ಹೆಸರು, ವಯಸ್ಸು, ರಕ್ತದ ಗುಂಪು, ನಿತ್ಯ ಸೇವಿಸುವ ಔಷಧಿಗಳ ವಿವರವನ್ನು ಕಾರ್ಯಾಲಯದಲ್ಲಿ ಬರೆಸಬೇಕು. ಅರವತ್ತು ದಾಟಿದವರಿಗೆ ದೋರ್ನಾಲದ ಮಾರ್ಗವಾಗಿ ಬಸ್ಸಿನ ವ್ಯವಸ್ಥೆಯಿದೆ. ಅವರು ಭ್ರಮರಾಂಬೆಯ ಉಡಿಯ ಸಾಮಾನುಗಳೊಡನೆ ಒಂದು ದಿನ ಮೊದಲೇ ಶ್ರೀಶೈಲ ಸೇರಿ, ನಡೆದು ಬರುವವರನ್ನು ಕೈಲಾಸದ್ವಾರದಲ್ಲಿ ಮಜ್ಜಿಗೆಯ ಕೊಡಗಳೊಡನೆ ಎದುರುಗೊಳ್ಳುತ್ತಾರೆ.